ಅವಧಿ ತೀರಿದರೆ ಋಣ ತೀರುವುದೇ?



ಕಳೆದ ಆಷಾಢ ಮಾಸದ ಒಂದು ಮಧ್ಯಾಹ್ನ, ದಾಸೋಹದ ಪಂಕ್ತಿ ಮುಗಿದು ನಾವು ಸ್ವಲ್ಪ ವಿಶ್ರಮಿಸಬೇಕೆಂದಿದ್ದ ವೇಳೆಯಲ್ಲಿ, ಹುಕ್ಕೇರಿ ತಾಲೂಕಿನ ಕಣಗಲಾ ಗ್ರಾಮದ ಒಬ್ಬ ವೃದ್ಧ ಭಕ್ತರು ಶ್ರೀಮಠಕ್ಕೆ ಆಗಮಿಸಿದರು. ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆಗೆ ಪುಣೆಯ ಹೆದ್ದಾರಿಯಲ್ಲಿ ಸಾಗುವವರಿಗೆಲ್ಲ ಈ ಊರು ಪರಿಚಿತವೇ. ಅವರ ಕೈಯಲ್ಲಿ ನಾಲ್ಕು ಮಡಿಕೆಯಾಗಿ ಮಡಚಿದ ಒಂದು ಇಂಗ್ಲಿಷ್ ಕಾಗದವಿತ್ತು. ಅದನ್ನು ನಮ್ಮ ಮುಂದಿಟ್ಟು, ನಮಸ್ಕರಿಸಿ, ಬಹಳ ಹೊತ್ತು ಮಾತನಾಡದೆ ಕುಳಿತರು. ಆಮೇಲೆ ಕೇಳಿದ್ದು ಇಷ್ಟೇ: “ಅಪ್ಪಾರ, ಹೊಲದ ವಿಚಾರ ಕೋರ್ಟು ಕೇಳಲೇ ಇಲ್ರಿ. ಹದಿನೇಳು ದಿವಸ ತಡ ಆತು ಅಂತ ಬಾಗಲಾ ಹಾಕಿಬಿಟ್ರು. ಹದಿನೇಳು ದಿವಸದಾಗ ನನ್ನ ಹೊಲ ಅವಂದು ಹ್ಯಾಂಗ ಆತ್ರಿ?”

ಕಾಗದವನ್ನು ಓದಿ ನೋಡಿದೆವು. ಹೊಲದ ಒಡೆತನವನ್ನು ಕುರಿತು ತಮ್ಮ ಅಣ್ಣನ ಮಗನ ಮೇಲೆ ಅವರು ಹೂಡಿದ್ದ ದಾವೆ ಕೆಳಗಿನ ನ್ಯಾಯಾಲಯದಲ್ಲಿ ವಜಾ ಆಗಿತ್ತು. ಆ ತೀರ್ಪಿನ ಮೇಲೆ ಅಪೀಲು ಹೋಗಲು ಕಾಯ್ದೆ ಕೊಟ್ಟಿದ್ದು ಮೂವತ್ತು ದಿವಸ. ನಕಲು ದೊರೆಯಲು ಹಿಡಿದ ದಿನಗಳನ್ನು ಕಳೆದ ಮೇಲೂ ಹದಿನೇಳು ದಿನ ಹೆಚ್ಚಾಗಿದ್ದವು. ವಿಳಂಬವನ್ನು ಮನ್ನಿಸಬೇಕೆಂಬ ಅರ್ಜಿ ತಿರಸ್ಕೃತವಾಗಿ, ಅದರ ಹಿಂದೆಯೇ ಅಪೀಲೂ ತಿರಸ್ಕೃತವಾಗಿತ್ತು. ಹೊಲ ಯಾರದು ಎಂಬ ಮಾತಿಗೆ ಆ ಆದೇಶದಲ್ಲಿ ಎಡೆಯೇ ಇರಲಿಲ್ಲ.

ವೃದ್ಧರ ಪ್ರಶ್ನೆಗೆ ಆ ಕ್ಷಣದಲ್ಲಿ ನಮ್ಮಿಂದ ಉತ್ತರ ಕೊಡಲಾಗಲಿಲ್ಲ. ಮುಂದೆ ಅನೇಕ ದಿನ ಅದು ನಮ್ಮನ್ನು ಕಾಡಿತು. ಕಾಡಿದುದಕ್ಕೆ ನಮ್ಮದೇ ಆದ ಒಂದು ಕಾರಣವೂ ಉಂಟು. ಅದನ್ನು ಮುಂದೆ ನಿವೇದಿಸುವೆವು. ಈ ಲೇಖನವು ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟಿದ್ದು.

ಕಾಲಮಿತಿಯ ಕಾಯ್ದೆ, ವಕೀಲರ ಬಾಯಲ್ಲಿ ಲಿಮಿಟೇಷನ್ ಆ್ಯಕ್ಟ್, ನಮ್ಮ ದೇಶದಲ್ಲಿ ಮೊದಲು ಬಂದಿದ್ದು 1859ರಲ್ಲಿ. ಈಗ ಜಾರಿಯಲ್ಲಿರುವುದು 1963ರ ಕಾಯ್ದೆ. 1964ರ ಜನವರಿ 1ರಿಂದ ಅದರ ಆಳ್ವಿಕೆ. ಅದರ ಮೂರನೆಯ ಕಲಮು ಬಹಳ ಕಠಿಣವಾದುದು. ಅವಧಿ ಮೀರಿದ ದಾವೆಯನ್ನಾಗಲಿ ಅಪೀಲನ್ನಾಗಲಿ, ಎದುರಾಳಿಯು ಆ ತಕರಾರನ್ನು ಎತ್ತದೆ ಸುಮ್ಮನಿದ್ದರೂ, ನ್ಯಾಯಾಲಯವೇ ತಾನಾಗಿ ವಜಾ ಮಾಡಬೇಕೆಂದು ಅದು ವಿಧಿಸುತ್ತದೆ. ಐದನೆಯ ಕಲಮು ಅಷ್ಟೇ ಮೃದು. ಅಪೀಲು ತಂದವನು ತಡವಾದುದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ನ್ಯಾಯಾಲಯ ಬಾಗಿಲು ತೆರೆಯಬಹುದು. ಆದರೆ ಈ ಮೃದುತ್ವ ಅಪೀಲಿಗೂ ಅರ್ಜಿಗಳಿಗೂ ಮಾತ್ರ. ಮೂಲ ದಾವೆಗೆ ಇಲ್ಲ. ಜಿಲ್ಲೆಯೊಳಗಿನ ಅಪೀಲಿಗೆ 30 ದಿವಸ, ಉಚ್ಚ ನ್ಯಾಯಾಲಯಕ್ಕೆ 90 ದಿವಸ. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಬಾಗಿಲು ತೆರೆದ ದಿನ ಕೊಟ್ಟರೂ ನಡೆಯುತ್ತದೆ.

ಈ ಕಲಮುಗಳು ನಿಂತು ಮಾತನಾಡುವುದು ತೀರ್ಪುಗಳಲ್ಲಿ. ರೇವಾ ಕಲ್ಲಿದ್ದಲು ಕಂಪನಿಯ ವಿರುದ್ಧ ರಾಮಲಾಲ ಎಂಬವರ ವ್ಯಾಜ್ಯದಲ್ಲಿ ತಡವಾದುದು ಒಂದೇ ಒಂದು ದಿನ. ಕೊನೆಯ ದಿನದ ಹೊತ್ತಿಗೆ ಅವರು ಕಾಯಿಲೆ ಬಿದ್ದಿದ್ದರು. ಕಾಯಿಲೆ ನಿಜವಿರಬಹುದು, ಆದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಏಕೆ ಅಪೀಲು ಹಾಕಲಿಲ್ಲ ಎಂದು ಕೆಳಗಿನ ನ್ಯಾಯಾಲಯ ಕೇಳಿ ಅವರನ್ನು ಹಿಂದಕ್ಕೆ ಕಳಿಸಿತ್ತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯೇ ತಪ್ಪೆಂದಿತು. ಕಾಯ್ದೆ ಕೊಟ್ಟ ದಿನಗಳಷ್ಟೂ ಅವನವು. ಕೊನೆಯ ದಿನದವರೆಗೆ ಕಾಯುವ ಹಕ್ಕು ಅವನಿಗೆ ಇದೆ. ವಿವರಣೆ ಕೊಡಬೇಕಾದುದು ಅಲ್ಲಿಂದಾಚೆಯ ವಿಳಂಬಕ್ಕೆ. ನಮಗೆ ಈ ತೀರ್ಪು ಬಹಳ ಹಿಡಿಸಿತು. ಕೊಟ್ಟ ಮಾತನ್ನು ಕೊಟ್ಟವನೇ ಸಣ್ಣದು ಮಾಡಬಾರದೆಂಬ ಲೋಕನೀತಿ ಅದರಲ್ಲಿದೆ.

1987ರಲ್ಲಿ ಅನಂತನಾಗದ ಭೂಸ್ವಾಧೀನದ ಪ್ರಕರಣದಲ್ಲಿ ತಡವಾದುದು ನಾಲ್ಕು ದಿನ. ತಡ ಮಾಡಿದ್ದು ಸರ್ಕಾರ. ತಡಮಾಡಿ ಬರುವುದರಿಂದ ಯಾವ ಕಕ್ಷಿಗಾರನಿಗೂ ಸಾಮಾನ್ಯವಾಗಿ ಲಾಭವಿಲ್ಲ; ಸತ್ತ್ವವುಳ್ಳ ನ್ಯಾಯವೂ ತಾಂತ್ರಿಕ ತಕರಾರೂ ಎದುರುಬದುರಾದಾಗ ನ್ಯಾಯವನ್ನೇ ಎತ್ತಿಹಿಡಿಯಬೇಕೆಂಬ ಅಭಿಪ್ರಾಯವನ್ನು ಅಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಕಟಿಸಿತು. 1998ರ ಬಾಲಕೃಷ್ಣನ್ ಪ್ರಕರಣದಲ್ಲಿ 883 ದಿನಗಳ ವಿಳಂಬವನ್ನೂ ಅದು ಮನ್ನಿಸಿತು. ದಿನಗಳ ಸಂಖ್ಯೆ ಮುಖ್ಯವಲ್ಲ, ಕಾರಣದ ಪ್ರಾಮಾಣಿಕತೆ ಮುಖ್ಯ. ತಡವಾದುದರಿಂದ ಎದುರುಪಕ್ಷಕ್ಕಾದ ನಷ್ಟವನ್ನು ಹಣದ ರೂಪದಲ್ಲಿ ತುಂಬಿಕೊಡಲಿ ಎಂಬುದು ಅಲ್ಲಿನ ತಾತ್ಪರ್ಯ. ಆದರೆ 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ ಅದೇ ನ್ಯಾಯಾಲಯ ಬಾಗಿಲು ತೆರೆಯಲಿಲ್ಲ. ಕಡತ ಮೇಜಿನಿಂದ ಮೇಜಿಗೆ ಹೋಗಲು ಹೊತ್ತಾಯಿತೆಂಬ ಮಾತು ಕಾರಣವಾಗಲಾರದು, ಸರ್ಕಾರಕ್ಕೆ ಬೇರೆ ಗಡಿಯಾರವಿಲ್ಲ ಎಂಬುದು ಅದರ ನಿಲುವು. 2020ರಲ್ಲಿ ಮಹಾಮಾರಿ ಬಂದು ಜಗತ್ತೇ ಬಾಗಿಲು ಮುಚ್ಚಿದಾಗ ಮಾತ್ರ ಎಲ್ಲರ ಗಡಿಯಾರವೂ ನಿಂತಿತು. ಆ ವರ್ಷದ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಕಾಲವನ್ನು ಲೆಕ್ಕದಿಂದ ಬಿಡಬೇಕೆಂದು ಆದೇಶವಾಯಿತು.

ಇಷ್ಟು ಔದಾರ್ಯವಿರುವ ಕಾಯ್ದೆಯ ಕೈಯಲ್ಲಿ ನಮ್ಮ ಕಣಗಲೆಯ ಭಕ್ತರಿಗೆ ಹದಿನೇಳು ದಿನ ಏಕೆ ಸಿಗಲಿಲ್ಲ? ನಾವು ಮತ್ತೊಮ್ಮೆ ಆದೇಶವನ್ನು ಓದಿದೆವು. ಕಾರಣ ಅಲ್ಲಿಯೇ ಇತ್ತು. ಅರ್ಜಿಯೊಡನೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ತಾನು ಕಾಮಾಲೆ ರೋಗದಿಂದ ಹಾಸಿಗೆ ಹಿಡಿದಿದ್ದೆನೆಂದು ಅವರು ಪ್ರಮಾಣ ಮಾಡಿದ್ದರು. ಪಾಟೀಸವಾಲಿನಲ್ಲಿ, ಯಾವ ವೈದ್ಯರಲ್ಲಿ ತೋರಿಸಿದಿರಿ ಎಂದು ಕೇಳಿದಾಗ, ಮುಗ್ಧವಾಗಿ, ತಮಗೆ ಕಾಮಾಲೆ ಎಂದೂ ಆಗಿಲ್ಲವೆಂದು ಉತ್ತರಿಸಿದ್ದರು.

“ಕಾಮಣಿ ಅಂತ ಯಾಕ ಬರಿಸಿದ್ರಿ?” ಎಂದು ನಾವು ಕೇಳಿದೆವು.

“ನಾ ಬರಸ್ಲಿಲ್ರಿ ಅಪ್ಪಾರ. ಅವರ ಬರದಿದ್ರು. ಇಲ್ಲಿ ಸಹಿ ಮಾಡ್ರಿ ಅಂದ್ರು, ಮಾಡಿದೆ. ಎಲ್ಲಾರಿಗೂ ಹಂಗ ಬರಿತಾರಂತ.”

ಹಾಗಾದರೆ ನಿಜವಾಗಿ ತಡವಾದುದು ಏಕೆ? ತೀರ್ಪು ಬಂದಿದ್ದು ದೀಪಾವಳಿಯ ಮುಂಚೆ. ಅಣ್ಣನ ಮಗನು ಬಂದು, “ಕಾಕಾ, ಹಬ್ಬ ಮುಗೀಲಿ, ಹಿರಿಯರನ್ನ ಕೂಡಿಸಿ ಮನ್ಯಾಗ ಬಗೆಹರಿಸ್ಕೊಳ್ಳೂನು” ಎಂದಿದ್ದ. ಹಬ್ಬ ಮುಗಿಯಿತು, ಕಬ್ಬು ಕಡಿಯುವುದು ಮುಗಿಯಲಿ ಎಂದ. ವೃದ್ಧರು ನಂಬಿದರು. ಮನೆಯ ಜಗಳ ಮನೆಯಲ್ಲಿ ಮುಗಿದರೆ ಮತ್ತೇಕೆ ಕೋರ್ಟಿನ ಮೆಟ್ಟಿಲು ಎಂದು ಕುಳಿತರು. ಈ ಸತ್ಯವನ್ನು ಪ್ರಮಾಣಪತ್ರದಲ್ಲಿ ಬರೆದಿದ್ದರೆ ನ್ಯಾಯಾಧೀಶರ ಮನಸ್ಸು ಕರಗುತ್ತಿತ್ತೋ ಇಲ್ಲವೋ ನಾವು ಹೇಳಲಾರೆವು. ಆದರೆ ಅವರ ಮುಂದೆ ಅದು ಬರಲೇ ಇಲ್ಲ. ಬಂದಿದ್ದು ಒಂದು ಸುಳ್ಳು ಕಾಮಾಲೆ. ಸುಳ್ಳನ್ನು ನಂಬದ ನ್ಯಾಯಾಧೀಶರನ್ನು ದೂಷಿಸಲು ನಮಗೆ ಬಾಯಿಲ್ಲ. ತನಗೆ ತಿಳಿಯದ ಭಾಷೆಯಲ್ಲಿ, ಪರಮಾತ್ಮನ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ ಎಂಬ ಕಾಗದಕ್ಕೆ ಮನುಷ್ಯನು ಓದದೆ ಸಹಿ ಹಾಕುವುದು ನಮ್ಮ ತಾಲೂಕುಗಳಲ್ಲಿ ದಿನನಿತ್ಯದ ಕಾರ್ಯ. ಓದಿದವರು ಬರೆದುಕೊಡುತ್ತಾರೆ, ಓದದವರು ಹೆಬ್ಬೆಟ್ಟು ಒತ್ತುತ್ತಾರೆ, ಫಲವನ್ನು ಉಣ್ಣುವವರು ಎರಡನೆಯವರು. ನಮ್ಮ ಶಾಲೆಗಳಲ್ಲಿ ಕಲಿತು ಇಂದು ವಕೀಲಿ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯನ್ನು ಓದುತ್ತಾರೆಂಬುದು ನಮಗೆ ಗೊತ್ತು. ಈ ಮಾತನ್ನು ಅವರ ಮುಖ ನೋಡಿಯೇ ಬರೆಯುತ್ತಿದ್ದೇವೆ.

ಇನ್ನು ಮೂಲ ಪ್ರಶ್ನೆಗೆ ಬರೋಣ. ನ್ಯಾಯಕ್ಕೆ ಕಾಲದ ಕಟ್ಟಳೆ ಇರುವುದು ಧರ್ಮವೇ?

ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. ಕಾಲವು ಸಾಕ್ಷಿಗಳನ್ನು ಒಯ್ಯುತ್ತದೆ, ಕಾಗದಗಳನ್ನು ಗೆದ್ದಲು ಒಯ್ಯುತ್ತದೆ. ಮೂವತ್ತು ವರ್ಷ ಒಂದು ಹೊಲವನ್ನು ಉತ್ತವನು, ಬಾವಿ ತೋಡಿಸಿದವನು, ಮಗಳ ಮದುವೆಗೆ ಅದರ ಮೇಲೆ ಸಾಲ ಎತ್ತಿದವನು, ನಾಳೆ ಯಾರು ಬಂದು ಯಾವ ಪತ್ರ ತೋರಿಸುವರೋ ಎಂಬ ಭಯದಲ್ಲಿಯೇ ಸಾಯಬೇಕೆಂದರೆ ಅದೂ ಅನ್ಯಾಯವೇ. ನಿಶ್ಚಿಂತೆಯೂ ಒಂದು ಹಕ್ಕು. ನಮ್ಮ ಪ್ರಾಚೀನರೂ ಇದನ್ನು ಅರಿತಿದ್ದರು. ತನ್ನ ಕಣ್ಣೆದುರೇ ಅನ್ಯನು ಭೂಮಿಯನ್ನು ಅನುಭವಿಸುತ್ತಿದ್ದರೂ ಸುಮ್ಮನಿದ್ದ ಒಡೆಯನಿಗೆ ಇಪ್ಪತ್ತು ವರ್ಷದಲ್ಲಿ ಹಾನಿ, ಇತರ ಧನಕ್ಕೆ ಹತ್ತು ವರ್ಷದಲ್ಲಿ ಹಾನಿ ಎಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಒತ್ತೆಯಿಟ್ಟಿದ್ದು, ಗಡಿ, ನಂಬಿ ಇಡಕೊಟ್ಟಿದ್ದು, ಬುದ್ಧಿಮಾಂದ್ಯರ, ಬಾಲಕರ, ಸ್ತ್ರೀಯರ ಧನ ಇವುಗಳಿಗೆ ಆ ನಿಯಮ ತಾಗದು ಎಂದೂ ಅದೇ ಸ್ಮೃತಿ ಹೇಳುತ್ತದೆ.

ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಸಂಗತಿಯಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಶರಣರು ಅನುಭಾವಗೋಷ್ಠಿ ನಡೆಸಿದ ಕಲ್ಯಾಣದಲ್ಲಿ ಅವರಿಗಿಂತ ತುಸು ಹಿಂದೆ ಕುಳಿತು ಬರೆದವನು. ಆತನ ಸಾಮಾಜಿಕ ದೃಷ್ಟಿಗೂ ಶರಣರ ದೃಷ್ಟಿಗೂ ಅಜಗಜಾಂತರ. ಅದು ಬೇರೆ ವಿಷಯ. ಈ ವಚನವನ್ನು ವ್ಯಾಖ್ಯಾನಿಸುವಾಗ ಮಾತ್ರ ಅವನು ತೋರಿದ ವಿವೇಕ ಸೂಕ್ಷ್ಮವಾದುದು. ಇಪ್ಪತ್ತು ವರ್ಷದ ಮೌನದಿಂದ ಒಡೆಯನಿಗೆ ಆಗುವ ಹಾನಿ ಭೂಮಿಯ ಹಾನಿಯಲ್ಲ, ಅದರ ಫಲದ ಹಾನಿ ಎಂದು ಅವನು ಅರ್ಥ ಮಾಡಿದ. ಸುಮ್ಮನೆ ಕುಳಿತವನು ಆ ವರ್ಷಗಳ ಬೆಳೆಯನ್ನು ಕೇಳಲಾರ. ಭೂಮಿಯು ಯಾರದಾಗಿತ್ತೋ ಅವರದೇ. ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಈ ಭಾಗವನ್ನು ಓದಿದಾಗ ಇದು ನಮಗೆ ಶುಷ್ಕ ತರ್ಕವೆನಿಸಿತ್ತು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುವಾಗಲೂ ಅದು ನೆನಪಿಗೆ ಬರಲಿಲ್ಲ. ಅರ್ಥವಾದುದು ಈ ವೃದ್ಧರ ಕಾಗದ ಕೈಗೆ ಬಂದಾಗ.

ಇಂದಿನ ಕಾಯ್ದೆ ಭೂಮಿಯ ವಿಷಯದಲ್ಲಿ ವಿಜ್ಞಾನೇಶ್ವರನಷ್ಟು ಉದಾರವಲ್ಲ. ಅನ್ಯನ ಪ್ರತಿಕೂಲ ಸ್ವಾಧೀನದಲ್ಲಿರುವ ಭೂಮಿಗೆ ಹನ್ನೆರಡು ವರ್ಷದೊಳಗೆ ದಾವೆ ಹೂಡದಿದ್ದರೆ ಹಕ್ಕೇ ನಶಿಸುತ್ತದೆ. ಆದರೆ ಸಾಲ, ಕೂಲಿ, ಬಾಕಿ ಮುಂತಾದವುಗಳಲ್ಲಿ ಅದೂ ಅವನ ಹಾದಿಯನ್ನೇ ಹಿಡಿದಿದೆ. ಕಾಲ ಮೀರಿದರೆ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ, ಋಣವು ಅಳಿಯುವುದಿಲ್ಲ. ಬಾಂಬೆ ಡೈಯಿಂಗ್ ಕಂಪನಿಯ ಪ್ರಕರಣದಲ್ಲಿ ಕಾರ್ಮಿಕರು ಕೇಳದೆ ಉಳಿದ ವೇತನದ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ಸ್ಪಷ್ಟಪಡಿಸಿತು. ಅವಧಿ ತೀರಿದ ಸಾಲವನ್ನು ಕೊಡುತ್ತೇನೆಂದು ಸಾಲಗಾರನು ಬರೆದು ಸಹಿ ಮಾಡಿಕೊಟ್ಟರೆ ಆ ಮಾತು ಮತ್ತೆ ಜೀವಂತವಾಗುತ್ತದೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಋಣ ಸತ್ತಿದ್ದರೆ ಅದಕ್ಕೆ ಮತ್ತೆ ಜೀವ ಬರುವುದು ಹೇಗೆ? ಅದು ಸತ್ತಿರುವುದಿಲ್ಲ, ಮಲಗಿರುತ್ತದೆ. ಎಬ್ಬಿಸುವ ಅಧಿಕಾರ ಮಾತ್ರ ಸಾಲ ಕೊಟ್ಟವನ ಕೈಯಿಂದ ಸಾಲ ತಂದವನ ಕೈಗೆ ಹೋಗಿರುತ್ತದೆ.

ಆದಕಾರಣ ಧರ್ಮದ ಪ್ರಶ್ನೆ ಏಳಬೇಕಾದುದು ತಡಮಾಡಿದವನ ಮುಂದಲ್ಲ. ಅವನು ತನ್ನ ದಂಡವನ್ನು ಆಗಲೇ ತೆತ್ತಿದ್ದಾನೆ. ಪ್ರಶ್ನೆ ಏಳಬೇಕಾದುದು ಅವಧಿಯ ಬಲದಿಂದ ಗೆದ್ದವನ ಮುಂದೆ. 1979ರಲ್ಲಿ ಮದ್ರಾಸಿನ ಬಂದರು ಮಂಡಳಿಯು ಒಂದು ಸಂಸ್ಥೆಯ ಬೇಡಿಕೆಯ ವಿರುದ್ಧ ಕಾಲಮಿತಿಯ ತಕರಾರನ್ನು ಹಿಡಿದು ಬಂದಾಗ ಸರ್ವೋಚ್ಚ ನ್ಯಾಯಾಲಯ ಬೇಸರಪಟ್ಟಿತು. ನಾಗರಿಕನ ನ್ಯಾಯಬದ್ಧ ಬೇಡಿಕೆಯನ್ನು ಇಂಥ ತಾಂತ್ರಿಕ ತಕರಾರಿನಿಂದ ಸೋಲಿಸುವುದು ಸರ್ಕಾರಕ್ಕೂ ಸಾರ್ವಜನಿಕ ಸಂಸ್ಥೆಗಳಿಗೂ ಶೋಭೆಯಲ್ಲವೆಂದಿತು. ತಕರಾರು ಕಾಯ್ದೆಗೆ ಸಮ್ಮತವೇ. ಎತ್ತುವವನ ಯೋಗ್ಯತೆಗೆ ಅಲ್ಲ ಎಂಬ ಭಾವ. ಬಂದರು ಮಂಡಳಿಗೆ ಸಲ್ಲದ ನಡತೆ ಮಠಕ್ಕೆ ಸಲ್ಲುವುದೇ?

ಈಗ ನಮ್ಮ ನಿವೇದನೆ. ಕೆಲವು ವರ್ಷಗಳ ಹಿಂದೆ ಶ್ರೀಮಠದ ದಾಸೋಹ ಮಂದಿರದ ಕಟ್ಟಡ ಮಾಡಿದ ಗವಂಡಿಯೊಬ್ಬರಿಗೆ 38,000 ರೂಪಾಯಿ ಬಾಕಿ ಉಳಿದಿತ್ತು. ಅಳತೆಯಲ್ಲಿ ವ್ಯತ್ಯಾಸವಿದೆಯೆಂದು ಮೊದಲು ಮುಂದೂಡಿದೆವು. ಅಳತೆ ಸರಿಹೋದ ಮೇಲೆ ಜಾತ್ರೆಯ ಖರ್ಚೆಂದು ಮುಂದೂಡಿದೆವು. ಆತ ಮಠದ ಮೇಲೆ ದಾವೆ ಹೂಡುವ ಮನುಷ್ಯನಲ್ಲ. ವರ್ಷಕ್ಕೆರಡು ಬಾರಿ ಬಂದು, ಪ್ರಸಾದ ಸ್ವೀಕರಿಸಿ, ಬಾಕಿಯ ಮಾತನ್ನು ಸಂಕೋಚದಿಂದ ಎತ್ತಿ ಹೋಗುತ್ತಿದ್ದ. ಮೂರು ವರ್ಷ ಕಳೆದ ಮೇಲೆ ಒಂದು ದಿನ ಕಾರಭಾರಿಗಳು ಲೆಕ್ಕದ ಪುಸ್ತಕ ತಂದು, “ಇದಕ್ಕೆ ಅವಧಿ ತೀರಿದೆ, ಇನ್ನು ಕೊಡಲೇಬೇಕೆಂದಿಲ್ಲ” ಎಂದರು. ನಾವು ತಲೆಯಾಡಿಸಿದೆವು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆ ಸಾಲಿಗೆ ಕೆಂಪು ಮಸಿಯ ಗೆರೆ ಬಿತ್ತು.

ಎರಡು ವರ್ಷದ ಬಳಿಕ ಆತ ಲಿಂಗೈಕ್ಯನಾದ ವಾರ್ತೆ ಬಂದಾಗ ಆ ಗೆರೆ ನೆನಪಾಯಿತು. ಅವನ ಪತ್ನಿಯನ್ನು ಕರೆಯಿಸಿ ಹಣವನ್ನು ಕೊಟ್ಟೆವು. ಆಕೆ ಎಣಿಸಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡು, ನಮಸ್ಕರಿಸಿ, “ಇದು ಕೊನೀ ವರ್ಷ ದವಾಖಾನಿಗೆ ಬೇಕಾಗಿತ್ತರಿ” ಎಂದು ಹೋದಳು. ಬಡ್ಡಿಯ ಮಾತನ್ನು ಆಕೆ ಎತ್ತಲಿಲ್ಲ. ಎತ್ತದಿದ್ದುದು ನಮಗೆ ಇಂದಿಗೂ ಭಾರ. ವಿಚಿತ್ರವೇನೆಂದರೆ, ನಂಬಿಕೆಯ ಮೇಲೆ ಒಪ್ಪಿಸಿದ ಆಸ್ತಿಯ ವಿಷಯದಲ್ಲಿ ವಿಶ್ವಸ್ತನ ಮೇಲೆ ಹೂಡುವ ದಾವೆಗೆ ಎಷ್ಟು ಕಾಲ ಕಳೆದರೂ ಅಡ್ಡಿಯಿಲ್ಲವೆಂದು ಅದೇ ಕಾಲಮಿತಿ ಕಾಯ್ದೆಯ ಹತ್ತನೆಯ ಕಲಮು ಹೇಳುತ್ತದೆ. ದೇವಾಲಯ ಮಠಗಳ ಆಸ್ತಿಯನ್ನೂ ಆ ಸಾಲಿಗೇ ಸೇರಿಸುತ್ತದೆ. ಗವಂಡಿಯ ಬಾಕಿಗೆ ಆ ಕಲಮು ಅನ್ವಯಿಸದು, ನಿಜ. ಆದರೆ ಗುರುಸ್ಥಾನದಲ್ಲಿ ಕುಳಿತವನು ತಾನು ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನು ಕಲಮು ನೋಡಿ ನಿರ್ಧರಿಸುವುದಾದರೆ ಆ ಪೀಠದ ಅಗತ್ಯವೇನು?

ನಮ್ಮ ಹಿರಿಯ ಗುರುಗಳು ಹೀಗಿರಲಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ಅವಧಿಯನ್ನು ಹಲವು ಸಲ ವಿಸ್ತರಿಸಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಆ ದಿನ ದಾಟಿದವನು ತಲೆಮಾರುಗಳಿಂದ ಉತ್ತ ಭೂಮಿಯನ್ನು ಕಳೆದುಕೊಂಡ. ಅಂಥವರು ರಾಜ್ಯದಲ್ಲಿ ಎಷ್ಟೋ ಜನ ಉಳಿದಿದ್ದರಿಂದಲೇ 1998ರಲ್ಲಿ ಕಾಯ್ದೆಗೆ ಮತ್ತೊಂದು ಕಲಮು ಸೇರಿಸಿ ನಮೂನೆ 7ಎ ತರಬೇಕಾಯಿತು. ನಾವು ಆಗ ಬಾಲಕರು. ಹಿರಿಯ ಭಕ್ತರಿಂದ ಕೇಳಿದ ಮಾತು: ಆ ಜೂನ್ ತಿಂಗಳಲ್ಲಿ ಗುರುಗಳು ಮಠದ ಒಕ್ಕಲುಗಳನ್ನೆಲ್ಲ ಕರೆಯಿಸಿ, ಅರ್ಜಿ ಹಾಕಿದಿರೋ ಇಲ್ಲವೋ ಎಂದು ಒಬ್ಬೊಬ್ಬರನ್ನಾಗಿ ಕೇಳಿ, ಹಾಕದವರಿಗೆ ಮಠದ ಗುಮಾಸ್ತನಿಂದಲೇ ಬರೆಯಿಸಿ ಕಳಿಸಿದರಂತೆ. ಅರ್ಜಿ ಮಠದ ಭೂಮಿಯ ಮೇಲೆ. ಮಠಕ್ಕೆ ಅದರಿಂದ ಬಹಳ ನಷ್ಟವಾಯಿತು. ಎರಡು ವರ್ಷ ದಾಸೋಹದಲ್ಲಿ ಅನ್ನ ನಿಂತು ಬರಿಯ ಅಂಬಲಿ ನಡೆಯಿತೆಂದು ಹೇಳುತ್ತಾರೆ.

ದೂರದ ಮಾತನ್ನೂ ಇಲ್ಲಿ ಹೇಳಬೇಕು. 1956ರವರೆಗೆ ಬೆಳಗಾವಿ ಜಿಲ್ಲೆಯವರಿಗೆ ಉಚ್ಚ ನ್ಯಾಯಾಲಯ ಮುಂಬಯಿಯಲ್ಲಿತ್ತು, ಆಮೇಲೆ ಬೆಂಗಳೂರಿನಲ್ಲಿ. 2008ರ ಜುಲೈನಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದಿತು, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕಾಗಿ ಉತ್ತರ ಕರ್ನಾಟಕದ ವಕೀಲರು ಎಷ್ಟು ವರ್ಷ ಹೋರಾಡಿದರೆಂಬುದನ್ನು ಬಲ್ಲವರು ಬಲ್ಲರು. ಕಾಯ್ದೆಯ ದಿನಗಳ ಲೆಕ್ಕದಲ್ಲಿ ಮಾತ್ರ ರಾಜಧಾನಿಯಲ್ಲಿ ಮನೆಯಿದ್ದವನಿಗೂ ಗಡಿಯೂರಿನ ರೈತನಿಗೂ ಎಂದೂ ವ್ಯತ್ಯಾಸವಿರಲಿಲ್ಲ.

ಶ್ರಾವಣದಲ್ಲಿ ಅಣ್ಣನ ಮಗನೂ ಬಂದ. ಅವನೂ ಶ್ರೀಮಠದ ಭಕ್ತನೇ. ಕೋರ್ಟಿನಲ್ಲಿ ಗೆದ್ದ ಸಂತೋಷಕ್ಕೆ ಎರಡು ಚೀಲ ಜೋಳವನ್ನು ದಾಸೋಹಕ್ಕೆ ತಂದಿದ್ದ. ನಾವು ಅವನನ್ನು ಕೂಡಿಸಿಕೊಂಡು ಒಂದೇ ಮಾತು ಕೇಳಿದೆವು: ಹಬ್ಬ ಮುಗಿಯಲಿ ಎಂದು ಕಾಕಾನಿಗೆ ಹೇಳಿದ್ದು ನಿಜವೋ? ನಿಜವೆಂದ. ಕೋರ್ಟಿನಲ್ಲಿ ಅದನ್ನು ಏಕೆ ಹೇಳಲಿಲ್ಲ? “ನನ್ನ ಯಾರೂ ಕೇಳ್ಲಿಲ್ರಿ ಅಪ್ಪಾರ” ಎಂದ. ಅವನೂ ಸುಳ್ಳು ಹೇಳಿರಲಿಲ್ಲ. ಹೊಲ ತನ್ನದೇ ಎಂದು ಅವನು ಮನಃಪೂರ್ವಕ ನಂಬಿದ್ದಾನೆ. ಕೆಳಗಿನ ನ್ಯಾಯಾಲಯವೂ ಸಾಕ್ಷಿ ವಿಚಾರಿಸಿ ಹಾಗೆಯೇ ಹೇಳಿದೆ. ಅದು ಸರಿಯಾಗಿಯೂ ಇರಬಹುದು. ಹಾಗಿದ್ದರೆ ಅಪೀಲಿನಲ್ಲಿ ಅದು ಮತ್ತೊಮ್ಮೆ ಸರಿಯೆನಿಸಿಕೊಳ್ಳಲು ಭಯವೇಕೆ ಎಂದೆವು. ಕಾಕಾನನ್ನು ಕರೆದುಕೊಂಡು ಬಾ, ಮಾತು ಕೊಟ್ಟಂತೆ ಹಿರಿಯರನ್ನು ಕೂಡಿಸೋಣ, ಅಲ್ಲಿಯವರೆಗೆ ಈ ಜೋಳವನ್ನು ಬೀಸುವುದು ಬೇಡ ಎಂದೆವು. ಅವನ ಮುಖ ಬಾಡಿತು. “ನೋಡ್ತೇನ್ರಿ” ಎಂದು ಎದ್ದು ಹೋದ.

ಇತ್ತ ವೃದ್ಧರಿಗೆ ನಾವು ಮೊದಲ ದಿನವೇ ಹೇಳಿದ್ದೆವು: ಅವಧಿ ಮೀರಿದ ಕಾರಣಕ್ಕೆ ವಜಾ ಆದ ಅಪೀಲಿನ ಮೇಲೂ ಧಾರವಾಡದ ಉಚ್ಚ ನ್ಯಾಯಾಲಯಕ್ಕೆ ಎರಡನೆಯ ಅಪೀಲು ಹೋಗಬಹುದು, ಅದಕ್ಕೆ ತೊಂಬತ್ತು ದಿವಸ ಉಂಟು, ಈ ಸಲ ಕಾಮಣಿ ಬೇಡ, ನಡೆದದ್ದನ್ನು ನಡೆದಂತೆ ಕನ್ನಡದಲ್ಲಿ ಬರೆಯಿಸಿ, ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ ಎಂದು. ಅಣ್ಣನ ಮಗನ ಉತ್ತರಕ್ಕಾಗಿ ಕಾಯುತ್ತ ಮತ್ತೆ ದಿನ ಕಳೆಯಬೇಡಿ ಎಂದೂ ಹೇಳಿದೆವು. ಹಾಗೆ ಹೇಳುವಾಗ ನಮಗೆ ಸಂಕಟವಾಯಿತು. ನಂಬಿ ಕಾದವನಿಗೆ, ನಂಬಬೇಡ ಎಂದು ಮಠವೇ ಹೇಳಿದಂತಾಯಿತಲ್ಲ ಎಂದು. ಅವರು ಗೋಡೆಯ ಪಂಚಾಂಗದ ಮುಂದೆ ನಿಂತು ಬೆರಳಿನಿಂದ ದಿನಗಳನ್ನು ಎಣಿಸಿದರು. ಆದೇಶದ ದಿನದಿಂದ ಮೂವತ್ತನಾಲ್ಕು ಆಗಲೇ ಕಳೆದಿದ್ದವು.

ಜೋಳದ ಎರಡು ಚೀಲಗಳು ದಾಸೋಹದ ಕೋಠಿಯಲ್ಲಿ ಹಾಗೆಯೇ ಇವೆ.